ಕಲ್ಲಿಗೆ ಹಾಕಿದ ಉಪ್ಪು

ಕೊಳನೂರ, ನಿಲಂಗಾ ತಾಲೂಕು
ಶಿವರಾತ್ರಿಯಾಗಿ ಮೂರನೆಯ ದಿನ, ಫೆಬ್ರುವರಿ ೧೯೧೭

ಚಿರಂಜೀವಿ ವೈಜನಾಥನಿಗೆ ಅಪ್ಪನ ಆಶೀರ್ವಾದ.

ನೀನು ಸಂಕ್ರಾಂತಿಗೆ ಹಾಕಿದ ಕಾಗದ ಶಿವರಾತ್ರಿಗೆ ಮುಟ್ಟಿತು. ದಾರಿಯಲ್ಲಿ ಯಾರೋ ಒಡೆದು ನೋಡಿ ಮತ್ತೆ ಅಂಟಿಸಿದ್ದಾರೆ. ಕನ್ನಡ ಅವರಿಗೇನು ತಿಳಿದೀತು, ಪಾಪ, ತಿರುವಿ ತಿರುವಿ ನೋಡಿರಬೇಕು. ಅರಬರ ಸೀಮೆಯ ಆ ಬಸರಾದ ನೀರು ಉಪ್ಪುಪ್ಪು ಎಂದು ಬರೆದಿದ್ದೀ. ಕುದಿಸಿ ಕುಡಿ. ಮಜೂರರ ಹಾಜರಿ ಬರೆಯುವ ಕೆಲಸ ಎಂದು ಹೇಳಿ ಹೋದವನು ಈಗ ಯಾವ ಕೆಲಸ ಮಾಡುತ್ತಿದ್ದೀ ಎಂಬುದನ್ನು ಮಾತ್ರ ಬರೆಯಲಿಲ್ಲ.

ಇಲ್ಲಿಯ ಸುದ್ದಿ ಒಳ್ಳೆಯದಲ್ಲ. ನೀವು ಅಲ್ಲಿ ಮಾಡುತ್ತಿರುವ ಲಡಾಯಿ ಇಲ್ಲಿಗೂ ಬಂತು. ಉದಗೀರದಲ್ಲಿ ದಂಡಿನ ಕುದುರೆಗಳನ್ನು ಕಟ್ಟಿದ್ದಾರೆ. ಅವುಗಳಿಗೆ ಕಣಿಕಿ, ಕಡಲೆ ಒಯ್ಯಲು ನಿಲಂಗಾದಿಂದ ಉದಗೀರದ ತನಕ ಗಟ್ಟಿ ರಸ್ತೆ ಆಗಬೇಕಂತೆ, ಅದೂ ಮಳೆಗಾಲದೊಳಗೆ. ಗುತ್ತೇದಾರನೊಬ್ಬ ಬಂದಿದ್ದಾನೆ. ಗುಡ್ಡ ಒಡೆಯುವ ಕಷ್ಟ ಅವನಿಗೆ ಬೇಡ. ಎಲ್ಲಿ ಹಾಳುಗುಡಿ ಕಂಡರೂ ಅಲ್ಲಿಗೆ ಗಾಡಿ ಹೂಡುತ್ತಾನೆ. ಉಮರಗಾ ಕಡೆ ಒಂದು ಗುಡಿಯ ಕಂಬಗಳನ್ನೆಲ್ಲ ಜಲ್ಲಿ ಮಾಡಿ ಬಂದನೆಂದು ಸಂತೆಯಲ್ಲಿ ಹೇಳುತ್ತಿದ್ದರು. ಈಗ ನಮ್ಮ ಕೆರೆ ಹಿಂದಿನ ಹಾಳುಗುಡಿಗೆ ಬಂದಿದ್ದಾನೆ. ನಿನ್ನೆ ನಂದಿಯ ಮಂಟಪ ಕೆಡವಿದರು.

ಮಂಟಪ ಹೋಗಲಿ. ನನ್ನ ಚಿಂತೆ ಬಾಗಿಲಲ್ಲಿ ನಿಂತಿರುವ ಬರೆದ ಕಲ್ಲಿನದು. ನಿನಗೆ ನೆನಪಿರಬೇಕು. ನೀನು ಹತ್ತು ವರ್ಷದವನಿದ್ದಾಗ ಪುಣೆ ಕಡೆಯ ಪಂಡಿತರು ಬಂದು ಅದರ ಮೇಲೆ ಹಸಿ ಕಾಗದ ಹಚ್ಚಿ ಅಚ್ಚು ತೆಗೆದರು. ನೀರಿನ ತಂಬಿಗೆ ಹಿಡಿದವನು ನೀನೇ. ಆವತ್ತು ಅವರು ಓದಿ ಹೇಳುವ ತನಕ ನಾವೆಲ್ಲ ಅದನ್ನು ಎಮ್ಮೆ ಮೈ ತಿಕ್ಕುವ ಕಲ್ಲು ಎಂದುಕೊಂಡಿದ್ದೆವು. ಮಾಳಮ್ಮ ಎಂಬ ಗಾಣದಾಕೆ ಗುಡಿಯ ದೀಪಕ್ಕೆ ದಿನಕ್ಕೊಂದು ಸೊಲ್ಲಿಗೆ ಎಣ್ಣೆ ಕೊಟ್ಟಳು, ಅದು ಚಂದ್ರ ಸೂರ್ಯರಿರುವ ತನಕ ನಡೆಯಬೇಕು ಎಂದು ಬರೆದಿದೆ. ಎಂಟುನೂರು ವರ್ಷದ ಹಿಂದೆ ನಮ್ಮ ಊರಲ್ಲಿ, ನಮ್ಮ ಮಾತಿನಲ್ಲಿ. ಇವತ್ತು ಕಚೇರಿಗೆ ಹೋದರೆ ಉರ್ದು, ಅಂಗಡಿಗೆ ಹೋದರೆ ಮರಾಠಿ. ನಾನು ಕನ್ನಡ ಅಕ್ಷರ ಕಲಿತದ್ದು ಮಠದ ಮರಳಿನಲ್ಲಿ. ಈ ಊರಲ್ಲಿ ಕನ್ನಡ ಬರೆದು ನಿಂತದ್ದು ಅದೊಂದೇ.

ಹೈದರಾಬಾದಿನಲ್ಲಿ ಹಳೆಯ ಗುಡಿ ಕೋಟೆ ನೋಡಿಕೊಳ್ಳಲು ಹೊಸ ಕಚೇರಿ ಆಗಿದೆಯಂತೆ. ಅರ್ಜಿ ಬರೆಸಿ ಹಾಕಿದ್ದೇನೆ. ಉತ್ತರ ಬರುವುದು ಮೊದಲೋ ಸುತ್ತಿಗೆ ಬರುವುದು ಮೊದಲೋ ನೋಡಬೇಕು.

ನಿನ್ನ ಅಕ್ಕ ಶಿವಗಂಗಾ ಉದಗೀರದಲ್ಲಿ ಸುಖವಾಗಿದ್ದಾಳೆ. ನಾನು ದಣಿದಿದ್ದೇನೆ, ಅಷ್ಟೇ.

ನಿನ್ನ ಅಪ್ಪ,
ರೇವಣಪ್ಪ

*

ಬಸರಾದಿಂದ ಮೇಲೆ, ನದಿ ದಂಡೆ
೯ ಏಪ್ರಿಲ್ ೧೯೧೭

ಅಪ್ಪನ ಪಾದಗಳಿಗೆ ವೈಜನಾಥನ ಶರಣು.

ಕಾಗದ ಓದಿ ಎರಡು ದಿನ ಊಟ ರುಚಿಸಲಿಲ್ಲ. ಆ ಕಲ್ಲಿಗೆ ಒರಗಿ ನಾನು ಎಷ್ಟು ಸಲ ಮಲಗಿದ್ದೇನೆ. ಊರಿನ ಕರಿಕಲ್ಲಲ್ಲ ಅದು, ಎಲ್ಲಿಂದಲೋ ತಂದ ಹಸಿರು ಛಾಯೆಯ ಮೆತ್ತನೆಯ ಕಲ್ಲು. ಸುತ್ತಿಗೆಯ ಒಂದು ಏಟು ತಾಳುವುದಿಲ್ಲ. ಹೇಗಾದರೂ ಮಾಡಿ ಬೇರೆ ಕಡೆ ಸಾಗಿಸು ಅಪ್ಪ. ಅದರ ಕೊನೆಯ ಸಾಲುಗಳು ನನಗೆ ಇನ್ನೂ ಬಾಯಿಪಾಠ. ಇದನ್ನು ಕೆಡಿಸಿದವರು ಗಂಗೆಯ ತಡಿಯಲ್ಲಿ ಕವಿಲೆ ಆಕಳನ್ನು ಕೊಂದ ಪಾಪಕ್ಕೆ ಹೋಗುವರು ಎಂದು ಪಂಡಿತರು ಓದಿದಾಗ ನಾನು ಹೆದರಿ ತಂಬಿಗೆ ಬಿಟ್ಟಿದ್ದೆ. ನೀನು ಬೈದಿದ್ದೆ.

ನನ್ನ ಕೆಲಸ ಕೇಳಿದ್ದೀ. ಊರಿಂದ ಊರಿಗೆ ನಮ್ಮ ಮಜೂರರ ತಂಡವನ್ನು ಒಯ್ಯುತ್ತಾರೆ. ಈಗ ನಾವಿರುವುದು ಒಂದು ದೊಡ್ಡ ಹಳೆಯ ದಿಬ್ಬದ ಮಗ್ಗುಲಲ್ಲಿ. ಯಾವ ಕಾಲದ ಪಟ್ಟಣವೋ ಮಣ್ಣಾಗಿ ಬಿದ್ದಿದೆ. ಇಲ್ಲಿ ಕಲ್ಲೇ ಇಲ್ಲ, ಹರದಾರಿಗಟ್ಟಲೆ ನಡೆದರೂ ಎತ್ತಿ ಎಸೆಯಲು ಒಂದು ಹರಳು ಸಿಗುವುದಿಲ್ಲ. ಎಲ್ಲ ಇಟ್ಟಿಗೆ. ಒಂದೊಂದು ಇಟ್ಟಿಗೆಯ ಮೇಲೂ ಹಕ್ಕಿ ನಡೆದುಹೋದ ಹಾಗೆ ಬರಹವಿದೆ. ದಿನ ಬೆಳಗಾದರೆ ಅವುಗಳ ಜೊತೆಗೇ ನನ್ನ ಕೆಲಸ.

ನನಗೆ ಜ್ವರ ಬಂದಿತ್ತು, ಹೋಯಿತು. ಅವ್ವನ ಗದ್ದುಗೆಗೆ ನನ್ನ ಹೆಸರಿನಲ್ಲಿ ಒಂದು ಪತ್ರಿ ಏರಿಸು.

ನಿನ್ನ,
ವೈಜನಾಥ

*

ಕೊಳನೂರ
ಕಾರಹುಣ್ಣಿವೆ ಹತ್ತಿರ, ಜೂನ್ ೧೯೧೭

ವೈಜನಾಥ,

ಕಲ್ಲು ಉಳಿಯಿತು. ಮೊದಲು ಅದನ್ನೇ ಬರೆದುಬಿಡುತ್ತೇನೆ, ಉಳಿದದ್ದನ್ನು ನಿಧಾನವಾಗಿ ಓದು.

ಅಕ್ಷಯ ತೃತೀಯ ಆಗಿ ಎಂಟು ದಿನಕ್ಕೆ ಗುತ್ತೇದಾರನ ಆಳುಗಳ ಮೇಲಿನ ಮುಕಾದಮ ಬಂದು, ನಾಳೆ ಬಾಗಿಲಿನ ಕಡೆ ಒಡೆಯುತ್ತೇವೆ ಎಂದ. ನಾನು ಕೈ ಮುಗಿದೆ, ಬೇರೆ ಕಲ್ಲು ತೋರಿಸುತ್ತೇನೆ ಎಂದೆ. ಅವನು ನಕ್ಕ. "ಕಾಕಾ, ಕಲ್ಲು ಕಲ್ಲೇ ಅದ. ಲಡಾಯಿ ಮುಗದ ಮ್ಯಾಲ ಹೊಸಾದು ಬರಸ್ಕೋರಿ" ಎಂದ. ಸಾಗಿಸಬೇಕೆಂದರೆ ಅವರ ಡೇರೆ ಗುಡಿಯ ಮುಂದೆಯೇ ಇದೆ. ಆಳುದ್ದದ ಕಲ್ಲು, ಆರು ಜನ ಹೊರಬೇಕು. ಎಲ್ಲಿ ಇಟ್ಟರೂ ಹುಡುಕಿ ತೆಗೆಯುತ್ತಾರೆ. ಯಾರೂ ಹುಡುಕದ, ಯಾರೂ ಗುದ್ದಲಿ ಹಾಕದ ಜಾಗ ಊರಲ್ಲಿ ಒಂದೇ ಇದೆ ಎಂದು ಆಗ ಹೊಳೆಯಿತು.

ನಿಮ್ಮವ್ವ ಸರುಬಾಯಿ ಲಿಂಗೈಕ್ಯಳಾದ ವರ್ಷ ಅವಳ ಪಕ್ಕದಲ್ಲೇ ನನಗೂ ಒಂದು ಗದ್ದುಗೆ ಅಗೆಸಿ, ಕಟ್ಟಿಸಿ, ಮೇಲೆ ಚಪ್ಪಡಿ ಮುಚ್ಚಿಸಿ ಇಟ್ಟಿದ್ದೆನಲ್ಲ. ಅದು ಕಾಯುತ್ತ ಕೂತಿತ್ತು. ನನಗೇನೂ ಅವಸರವಿರಲಿಲ್ಲ.

ಮಠದ ಅಯ್ಯನವರಿಗೆ ಹೇಳಿದೆ. ಒಂದು ಚಿಲುಮೆ ಸೇದಿ ಮುಗಿಸಿದರು. ಆಮೇಲೆ, ಹಾಳುಗುಡಿಯಲ್ಲಿ ಇಳಿದುಕೊಂಡಿದ್ದ ಪರಸ್ಥಳದ ಮುದಿ ಜಂಗಮರೊಬ್ಬರು ಲಿಂಗೈಕ್ಯರಾದರು ಎಂದು ಊರಿಗೆಲ್ಲ ಸಾರಿಸಿದರು. ಊರಿಗೆಲ್ಲ ನಿಜ ಗೊತ್ತಿತ್ತು. ಗೊತ್ತಿಲ್ಲದವರು ಡೇರೆಯವರು ಮಾತ್ರ. ಆ ರಾತ್ರಿ ಡೇರೆಯವರು ಮಲಗಿದ ಮೇಲೆ ನೆರೆಮನೆಯ ಅಂಬಣ್ಣ ಮತ್ತು ಅವನ ತಮ್ಮಂದಿರು ಕಲ್ಲನ್ನು ಸಡಿಲಿಸಿ ಎಬ್ಬಿಸಿದರು. ಶಾಲು ಹೊದಿಸಿದೆವು, ರುಮಾಲು ಸುತ್ತಿದೆವು, ಮುಖವಿರಬೇಕಾದ ಕಡೆ ಹೂವಿನ ಸರ ಇಳಿಬಿಟ್ಟೆವು. ನಮ್ಮವರನ್ನು ಒಯ್ಯುವ ಹಾಗೆ ಬಿದಿರಿನ ವಿಮಾನ ಕಟ್ಟಿ, ಅದರಲ್ಲಿ ಕೂಡಿಸಿ, ಹಲಗೆ ಬಾರಿಸುತ್ತ, ಮಟಮಟ ಮಧ್ಯಾಹ್ನ ಅವರ ಡೇರೆ ಮುಂದೆಯೇ ಹಾಯ್ದೆವು. ಹೆಣ ಇಷ್ಟು ಭಾರ ಯಾಕೆ ಎಂದು ಯಾರಾದರೂ ಕೇಳಿದ್ದರೆ ಮುಗಿದಿತ್ತು. ಆ ಮುಕಾದಮ ಎದ್ದು ನಿಂತು ರುಮಾಲು ತೆಗೆದ. ಒಂದು ತೆಂಗಿನಕಾಯಿಯನ್ನೂ ಕೊಟ್ಟ. ನನಗೆ ಅವನ ಮೇಲಿದ್ದ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು.

ಗುಡಿಯ ಸುತ್ತ ಎಮ್ಮೆ ಕಾಯುವ ಬಂಡಮ್ಮ ಮಾತ್ರ ನಿಜವಾಗಿ ಅತ್ತಳು. ಯಾಕೆ ಅಳುತ್ತೀಯಮ್ಮ ಎಂದರೆ, "ಎಷ್ಟ್ ವರ್ಷಾ ಮಳಿ ಬಿಸಲಾಗ ಒಬ್ಬಾಂವಾ ನಿಂತಿದ್ದ ರೀ" ಎಂದಳು.

ಗದ್ದುಗೆಯಲ್ಲಿ ಕಲ್ಲನ್ನು ಇಳಿಸಿದ ಮೇಲೆ ನಾನು ಚಪ್ಪಡಿ ಎಳೆಯಿರಿ ಎಂದೆ. ಅಯ್ಯನವರು ಒಪ್ಪಲಿಲ್ಲ. "ಅದರ ತಲಿ ಮ್ಯಾಲ ಲಿಂಗ ಕೆತ್ಯಾರ. ಲಿಂಗ ಇದ್ದಾವರಿಗೆ ಉಪ್ಪು ವಿಭೂತಿ ಇಲ್ದೇ ಹೆಂಗ ಕಳಸೂದು ರೇವಣಪ್ಪಾ? ಡೇರೆದವರು ಬ್ಯಾರೆ ಬಂದು ನೋಡ್ಲತ್ಯಾರ" ಎಂದರು. ಅದೂ ಸರಿ ಅನಿಸಿತು. ಎಲ್ಲರೂ ಒಂದೊಂದು ಹಿಡಿ ಹಾಕಿದರು. ಎದೆಯ ತನಕ ಉಪ್ಪು, ವಿಭೂತಿ, ಪತ್ರಿ. ಯಾವ ಶಾಸ್ತ್ರವನ್ನೂ ಬಿಡಲಿಲ್ಲ.

ಅಂತೂ ಮಾಳಮ್ಮನ ಕಲ್ಲು ಈಗ ನಿಮ್ಮವ್ವನ ಪಕ್ಕದಲ್ಲಿ ಕೂತಿದೆ. ನಿನ್ನ ಜಾಗ ಇನ್ನೊಬ್ಬರಿಗೆ ಕೊಟ್ಟಿಯಲ್ಲ ಎಂದು ಆಕೆ ಬೈಯುತ್ತಿರಬೇಕು. ಲಡಾಯಿ ಮುಗಿದ ದಿನ ತೆಗೆದುಬಿಡುತ್ತೇನೆ. ಅಲ್ಲಿಯ ತನಕ ನಾನು ಸಾಯುವ ಹಾಗಿಲ್ಲ.

ಬರಹದ ಇಟ್ಟಿಗೆಗಳ ಜೊತೆ ನಿನ್ನ ಕೆಲಸ ಎಂದು ಬರೆದದ್ದನ್ನು ಕಟ್ಟೆಯ ಮೇಲೆ ಎಲ್ಲರಿಗೂ ಓದಿ ಹೇಳಿದೆ. ಲಡಾಯಿಯಲ್ಲೂ ಅಂಥವನ್ನು ಕಾಯಲು ಸರ್ಕಾರ ಜನ ಇಟ್ಟಿದೆಯಲ್ಲ, ಅದರಲ್ಲಿ ನನ್ನ ಮಗ ಒಬ್ಬ. ನೀನು ಅಲ್ಲಿ ಕಾಯು, ನಾನು ಇಲ್ಲಿ ಕಾಯುತ್ತೇನೆ. ನನ್ನನ್ನು ಒಂದು ಮಾತು ಕೇಳದೆ ದಂಡಿಗೆ ಹೆಸರು ಬರೆಸಿದ ಮೇಲೆ ನಿನ್ನ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ಹೋಯಿತು. ಇದನ್ನು ಹೇಳಲು ನನಗೆ ನಾಚಿಕೆಯಿಲ್ಲ.

ನಿನ್ನ ಅಪ್ಪ,
ರೇವಣಪ್ಪ

*

ದಿಬ್ಬದ ಡೇರೆ
೨ ಸೆಪ್ಟೆಂಬರ್ ೧೯೧೭

ಅಪ್ಪನಿಗೆ ಶರಣು.

ವಿಮಾನದ ಸಂಗತಿ ಓದಿ ಬಹಳ ದಿನದ ಮೇಲೆ ನಕ್ಕೆ. ನಮ್ಮ ತಂಡದಲ್ಲಿ ಲೋಹಾರಾ ಕಡೆಯ ಖಂಡೆಪ್ಪ ಎಂಬವನಿದ್ದಾನೆ, ಅವನಿಗೂ ಓದಿ ಹೇಳಿದೆ. ನಗುತ್ತ ನಗುತ್ತ ಅವನು ಅತ್ತ. ಅವನ ಊರಿನ ಸುದ್ದಿ ಬಂದು ವರ್ಷವಾಯಿತು.

ನನ್ನ ಕೆಲಸದ ವಿಷಯ ಊರಲ್ಲಿ ಹೆಚ್ಚು ಹೇಳಬೇಡ ಅಪ್ಪ. ಅಂಥ ದೊಡ್ಡದೇನೂ ಅಲ್ಲ.

ಬಿಸಿಲು ವಿಪರೀತ. ಬರೆಯಲು ಕೈ ಏಳುವುದಿಲ್ಲ.

ವೈಜನಾಥ

*

ಕೊಳನೂರ
ಎಳ್ಳಮಾಸೆಯ ಮರುದಿನ, ಜನವರಿ ೧೯೧೮

ವೈಜನಾಥ,

ನಿನ್ನ ಕಾಗದ ಬಾರದೆ ನಾಲ್ಕು ತಿಂಗಳಾಯಿತು. ಬಂದ ಕಾಗದವೂ ಬೀಡಿ ಸೇದುವಷ್ಟರಲ್ಲಿ ಮುಗಿಯುತ್ತದೆ.

ರಸ್ತೆ ಮುಗಿದಿಲ್ಲ. ಮಳೆಗೆ ಹಾಕಿದ್ದೆಲ್ಲ ಕೊಚ್ಚಿಹೋಯಿತು, ಮತ್ತೆ ಹಾಕುತ್ತಿದ್ದಾರೆ. ಹಾಳುಗುಡಿ ಇದ್ದ ಜಾಗದಲ್ಲಿ ಈಗ ತಗ್ಗು. ಡೇರೆಯವರು ಅಲ್ಲೇ ಇದ್ದಾರೆ, ಹಾಗಾಗಿ ಕಲ್ಲು ತೆಗೆಯುವ ಮಾತಿಲ್ಲ. ಈ ಸಲ ಮಸಣದ ಕಡೆಯೂ ನೀರು ನಿಂತಿತ್ತು. ಚಪ್ಪಡಿಯ ಸಂದಿಗೆ ಗಾರೆ ಮೆತ್ತಿಸಿದೆ.

ಹೈದರಾಬಾದಿನಿಂದ ಉತ್ತರ ಬಂತು. ಅರ್ಜಿ ಮುಟ್ಟಿದೆ, ಸರದಿ ಬಂದಾಗ ಒಬ್ಬರು ಬಂದು ನೋಡುತ್ತಾರೆ ಎಂದು ಒಳ್ಳೆಯ ಮಾತಿನಲ್ಲಿ ಬರೆದಿದ್ದಾರೆ. ಅವರ ತಪ್ಪಲ್ಲ. ಇಷ್ಟು ದೊಡ್ಡ ಸೀಮೆ, ಎಷ್ಟು ಕಡೆ ಓಡಾಡುತ್ತಾರೆ.

ಎಳ್ಳಮಾಸೆಗೆ ಹೊಲಕ್ಕೆ ಹೋದೆ. ಶಿವಗಂಗಾ ಬಂದಿದ್ದಳು. ಇಬ್ಬರೇ ಉಂಡೆವು. ಊರವರು ಕೇಳುತ್ತಾರೆ, ನಿಮ್ಮ ವೈಜನಾಥ ಅಲ್ಲಿ ಏನೇನು ಉಳಿಸಿದ ಎಂದು. ಏನು ಹೇಳಲಿ? ಒಂದಿಷ್ಟು ಬರೆ. ಆ ಹಕ್ಕಿಕಾಲಿನ ಬರಹ ಓದುವವರು ಯಾರಾದರೂ ಇದ್ದಾರೆಯೇ? ಅಲ್ಲಿಯೂ ಯಾರೋ ಒಬ್ಬಳು ದೀಪಕ್ಕೆ ಎಣ್ಣೆ ಕೊಟ್ಟಿರಬೇಕು. ಅವಳ ಹೆಸರೇನು?

ಅಪ್ಪ

*

ದಿಬ್ಬದ ಡೇರೆ
೧೪ ಆಗಸ್ಟ್ ೧೯೧೮

ಅಪ್ಪನ ಪಾದಗಳಿಗೆ.

ನಿನ್ನ ಆ ಕಾಗದಕ್ಕೆ ಐದು ಸಲ ಉತ್ತರ ಬರೆದು ಹರಿದೆ. ಇವತ್ತು ಬರೆಯದಿದ್ದರೆ ಆಗುವುದಿಲ್ಲ, ಯಾಕೆಂದರೆ ಇದು ನನ್ನೊಬ್ಬನ ಮಾತಲ್ಲ, ಕಲ್ಲಿನ ಮಾತು.

ಅಪ್ಪ, ಮೊದಲು ಇದನ್ನು ಮಾಡು. ಗದ್ದುಗೆ ತೆಗೆಸಿ ಕಲ್ಲನ್ನು ಹೊರಗೆ ತೆಗೆ. ಉಪ್ಪು ಅದನ್ನು ತಿನ್ನುತ್ತದೆ. ಒಣಗಿದ್ದರೆ ಸುಮ್ಮನಿರುತ್ತದೆ, ನೀರು ತಾಗಿತೆಂದರೆ ಕಲ್ಲಿನೊಳಗೆ ಇಳಿದು, ಬೇಸಿಗೆಗೆ ಕಲ್ಲು ಒಣಗಿದಂತೆ ಮತ್ತೆ ಹೊರಗೆ ಬರುವಾಗ ಮೈಯನ್ನು ಪದರಪದರವಾಗಿ ಕಿತ್ತು ತರುತ್ತದೆ. ಕೆಳಗಿನಿಂದ ಶುರುವಾಗಿ ಮೇಲಕ್ಕೆ ಏರುತ್ತದೆ. ಮೆತ್ತನೆಯ ಕಲ್ಲು ಅದು, ತಾಳುವುದಿಲ್ಲ. ತೆಗೆದ ಮೇಲೆ ತಿಕ್ಕಬೇಡಿ. ಸಿಹಿನೀರಲ್ಲಿ ಅದ್ದಿದ ಅರಿವೆ ಸುತ್ತಿ, ದಿನಾಲೂ ಬದಲಿಸಿ, ನೆರಳಲ್ಲಿ ಇಡಿ.

ಇದು ನನಗೆ ಹೇಗೆ ಗೊತ್ತು ಎಂದು ನೀನು ಕೇಳುತ್ತೀ.

ನಾನು ಇಲ್ಲಿ ಏನನ್ನೂ ಕಾಯುತ್ತಿಲ್ಲ. ನೀನು ಹಾಗೆ ತಿಳಿದುಕೊಂಡೆ, ನಾನು ತಿಳಿದುಕೊಳ್ಳಲಿ ಎಂದು ಬಿಟ್ಟೆ. ಇಲ್ಲಿ ಕಲ್ಲಿಲ್ಲ ಎಂದು ಬರೆದಿದ್ದೆನಲ್ಲ. ತೋಪಿನ ಗಾಡಿ ಹೋಗಲು ರಸ್ತೆ ಬೇಕು. ನಾವು ಆ ದಿಬ್ಬ ಅಗೆದು, ಇಟ್ಟಿಗೆ ಒಡೆದು ರಸ್ತೆಗೆ ಹಾಕುತ್ತೇವೆ. ಒಂದೂವರೆ ವರ್ಷವಾಯಿತು. ಗಟ್ಟಿ ಇಟ್ಟಿಗೆ ಯಾವುದು, ಉಪ್ಪು ತಿಂದದ್ದು ಯಾವುದು ಎಂದು ಬೇರೆ ಮಾಡುವುದು ನನ್ನ ಕೆಲಸ. ಉಪ್ಪು ತಿಂದದ್ದು ಕೈಯಲ್ಲೇ ಪುಡಿಯಾಗುತ್ತದೆ, ಅದನ್ನು ಬಿಸಾಡುತ್ತೇವೆ. ಅಕ್ಷರ ಚೆನ್ನಾಗಿ ಉಳಿದದ್ದೇ ಗಟ್ಟಿ ಇಟ್ಟಿಗೆ. ಅದೇ ರಸ್ತೆಗೆ ಹೋಗುತ್ತದೆ. ಮೊನ್ನೆ ಒಂದು ಸಾಲು ಗೋಡೆ ಬುಡದಿಂದ ಉಪ್ಪಾಗಿ ಕುಸಿದದ್ದನ್ನು ನೋಡುತ್ತ ನಿಂತಾಗ, ನೀವೆಲ್ಲ ಹಿಡಿಹಿಡಿಯಾಗಿ ಹಾಕಿದ ಉಪ್ಪು ಥಟ್ಟನೆ ನೆನಪಾಯಿತು.

ನಿಮ್ಮ ಆ ಮುಕಾದಮನೂ ನಾನೂ ಒಂದೇ ಅಪ್ಪ. ಅವನು ರುಮಾಲಾದರೂ ತೆಗೆದ.

ಇದನ್ನು ಕಟ್ಟೆಯ ಮೇಲೆ ಓದಬೇಡ. ಓದಿದರೂ ನಾನು ಏನೂ ಅನ್ನುವ ಹಾಗಿಲ್ಲ.

ವೈಜನಾಥ

*

ಕೊಳನೂರ
೨೧ ನವೆಂಬರ್ ೧೯೧೮

ಪ್ರೀತಿಯ ತಮ್ಮ ವೈಜನಾಥನಿಗೆ ಅಕ್ಕ ಶಿವಗಂಗಾ ಬರೆಯುವುದು.

ಗಟ್ಟಿ ಮನಸ್ಸು ಮಾಡಿಕೊಂಡು ಓದು. ಅಪ್ಪ ಹೋದ. ದೀಪಾವಳಿಗೆ ಎರಡು ದಿನ ಮೊದಲು.

ಊರೂರಿಗೆ ಜ್ವರ ಬಂದಿದೆ. ಶಿರೂರ ಅನಂತಪಾಳದಲ್ಲಿ ಗುಂಡಿ ತೋಡಲು ಜನವಿಲ್ಲ ಎನ್ನುತ್ತಾರೆ. ದಸರೆಗೆ ಅಪ್ಪ ಮಲಗಿದ ಸುದ್ದಿ ತಿಳಿದು ನಾನು ಉದಗೀರದಿಂದ ಬಂದೆ. ನಿನ್ನ ಕಾಗದ ಬಂದದ್ದು ನಾನು ಬಂದ ನಾಲ್ಕನೆಯ ದಿನ. ಅವನಿಗೆ ಅಕ್ಷರ ಕಾಣುತ್ತಿರಲಿಲ್ಲ, ನಾನೇ ಓದಿದೆ. ಎಲ್ಲವನ್ನೂ ಓದಿದೆ, ನನ್ನನ್ನು ಕ್ಷಮಿಸು. ಮೊದಲೇ ನಾನೊಬ್ಬಳೇ ಓದಿಕೊಂಡಿದ್ದರೆ ಒಂದು ತುಂಡು ಬಿಟ್ಟು ಓದುತ್ತಿದ್ದೆ.

ಉಪ್ಪಿನ ಮಾತು ಮುಗಿದ ಕೂಡಲೇ ಅಂಬಣ್ಣನನ್ನು ಕರೆ ಎಂದ. ಜ್ವರಕ್ಕೆ ಹೆದರಿ ಡೇರೆಯವರು ಅಷ್ಟೊತ್ತಿಗೆ ಓಡಿಹೋಗಿದ್ದರು. ಆ ಮುಕಾದಮ ಇಲ್ಲೇ ತೀರಿದ, ನಮ್ಮವರೇ ಮಣ್ಣು ಮಾಡಿದರು. ಕಲ್ಲು ತೆಗೆಯಬೇಡಿ ಎನ್ನುವವರು ಯಾರೂ ಉಳಿದಿರಲಿಲ್ಲ. ಅಯ್ಯನವರು ಮುಚ್ಚಿದ ಗದ್ದುಗೆಯನ್ನು ತಾವೇ ಬಿಚ್ಚಿದರು. ಕಲ್ಲನ್ನು ಮನೆಗೆ ತಂದು ಅಪ್ಪನ ಹಾಸಿಗೆಯ ಪಕ್ಕ ಮಲಗಿಸಿದರು.

ಕಲ್ಲಿನ ತಲೆಯ ಮೇಲಿನ ಲಿಂಗ, ಆಕಳು, ಕರು ಚೆನ್ನಾಗಿವೆ. ಮಾಳಮ್ಮನ ಹೆಸರಿದೆ, ಸೊಲ್ಲಿಗೆ ಎಣ್ಣೆ ಇದೆ. ಅಪ್ಪ ಒಂದೊಂದೇ ಸಾಲಿನ ಮೇಲೆ ಬೆರಳಾಡಿಸುತ್ತ ಕೆಳಗೆ ಬಂದ. ಕೆಳಗಿನ ಐದು ಸಾಲು ಇಲ್ಲ. ಕೈ ಇಟ್ಟರೆ ಹಿಟ್ಟಿನ ಹಾಗೆ ಉದುರುತ್ತದೆ. ಅಯ್ಯನವರು ಅಲ್ಲೇ ಕುಳಿತು, "ನಾನೇ ಹಾಕ್ಸಿದೆ ಶಿವಗಂಗಾ, ನಾನೇ ಕೆಡಸದೆ" ಎಂದು ತಲೆ ಬಡಿದುಕೊಂಡರು. ಅಪ್ಪನೇ ಅವರನ್ನು ಸಮಾಧಾನ ಮಾಡಿದ. "ಹೋಗಿದ್ದು ಶಾಪದ ಸಾಲು ರೀ ಅಯ್ಯಾ. ಇನ್ನ ನಿಮಗ ಪಾಪ ತಟ್ಟಾಂಗಿಲ್ಲ" ಎಂದ. ಆ ಹೊತ್ತಿನಲ್ಲೂ ಅವನ ಮಾತು ಹಾಗೇ ಇತ್ತು.

ಮತ್ತೊಂದು ದಿನ ಅಯ್ಯನವರು ನನ್ನ ಹತ್ತಿರ ಮೆಲ್ಲಗೆ, ನಿಮ್ಮಪ್ಪನಿಗೆ ಉಪ್ಪು ಹಾಕುವುದೋ ಬಿಡುವುದೋ ಎಂದು ಕೇಳುತ್ತಿದ್ದರು. ಅಪ್ಪನಿಗೆ ಕೇಳಿಸಿತು. "ನನಗ ಎಷ್ಟ್ ಬೇಕಾದ್ರೂ ಹಾಕ್ರಿ. ನನ್ನ ಮ್ಯಾಲ ಏನೂ ಬರದಿಲ್ಲ" ಎಂದ. ನಾವು ಹಾಗೇ ಮಾಡಿದೆವು. ಅವನ ಜಾಗ ಅವನಿಗೆ ಸಿಕ್ಕಿತು. ಅವ್ವನ ಪಕ್ಕದಲ್ಲಿ ಕೂತಿದ್ದಾನೆ.

ಇನ್ನು ನೀನು ಬರೆದ ಇನ್ನೊಂದು ಮಾತು, ಇಟ್ಟಿಗೆಯದು. ಅದನ್ನು ಓದುವಾಗ ಕೈ ಎತ್ತಿ ನನ್ನನ್ನು ನಿಲ್ಲಿಸಿದ. ಗೋಡೆಯ ಕಡೆ ಹೊರಳಿ ಮಲಗಿದ. ಸಿಟ್ಟು ಬಂತೋ ದುಃಖವಾಯಿತೋ ನನಗೆ ತಿಳಿಯಲಿಲ್ಲ. ಮತ್ತೊಮ್ಮೆ ಓದು ಎಂದ, ಓದಿದೆ. ಊರವರು ಬಂದಾಗ ಅದನ್ನು ಯಾರ ಮುಂದೆಯೂ ಆಡಲಿಲ್ಲ. ಕೊನೆಗೆ ಮಾತು ನಿಲ್ಲುವ ಮುಂಚೆ ನನ್ನನ್ನು ಹತ್ತಿರ ಕರೆದು, "ಒಂದಾದ್ರೂ ಉಳಸಿ ಇಟ್ಟಾನೇನು, ಕೇಳು" ಎಂದ. ಅಷ್ಟೇ. ಹಾಗಾಗಿ ಕೇಳುತ್ತಿದ್ದೇನೆ.

ಲಡಾಯಿ ಮುಗಿಯಿತೆಂದು ಉದಗೀರದಲ್ಲಿ ತೋಪು ಹಾರಿಸಿದರಂತೆ. ರಸ್ತೆ ಅರ್ಧಕ್ಕೇ ನಿಂತಿದೆ. ನಾನು ದಿನಾಲೂ ಬೆಳಿಗ್ಗೆ ಕಲ್ಲಿನ ಹಸಿ ಅರಿವೆ ಬದಲಿಸುತ್ತೇನೆ. ಹಿಂಡಿದ ನೀರನ್ನು ನಾಲಿಗೆಗೆ ಹಚ್ಚಿ ನೋಡುತ್ತೇನೆ. ಇನ್ನೂ ಉಪ್ಪಿದೆ.

ನಿನ್ನ ಅಕ್ಕ,
ಶಿವಗಂಗಾ

*

ದಿಬ್ಬದ ಡೇರೆ
೧೯ ಜನವರಿ ೧೯೧೯

ಅಕ್ಕಾ,

ಅಪ್ಪ ಕೇಳಿದ್ದಕ್ಕೆ ಉತ್ತರ, ಇಲ್ಲ. ಒಂದನ್ನೂ ಇಟ್ಟಿರಲಿಲ್ಲ.

ನಿನ್ನ ಕಾಗದ ಬಂದ ದಿನ ನಾವು ಹಾಕಿದ ರಸ್ತೆ ಹಿಡಿದು ನಡೆದೆ. ಈಗ ಅದರ ಮೇಲೆ ಯಾರೂ ಹೋಗುವುದಿಲ್ಲ. ಒಂದು ಒಂಟೆ ಎದುರಾಯಿತು, ಅದೂ ರಸ್ತೆ ಬಿಟ್ಟು ಮಗ್ಗುಲ ಮಣ್ಣಲ್ಲೇ ನಡೆಯುತ್ತಿತ್ತು. ಎಲ್ಲ ಚೂರು. ಬಿಸಿಲು ಇಳಿಯುವ ಹೊತ್ತಿಗೆ ರಸ್ತೆಯ ಅಂಚಿನಲ್ಲಿ ಒಂದು ಇಟ್ಟಿಗೆ ಇಡಿಯಾಗಿ ಕಂಡಿತು, ಅಕ್ಷರ ಮೇಲಾಗಿ. ಯಾರು ಒಡೆಯದೆ ಬಿಟ್ಟರೋ ತಿಳಿಯದು. ಕೈಯಿಂದಲೇ ಅಗೆದು ತೆಗೆದೆ.

ಪೆಟ್ಟಿಗೆಯಲ್ಲಿಟ್ಟು ಊರಿಗೆ ತಂದು ಅಪ್ಪನ ಗದ್ದುಗೆಯ ಮೇಲೆ ಇಡಬೇಕೆಂದು ಮೊದಲು ಅನಿಸಿತು. ಎರಡು ದಿನ ತಲೆಯ ಹತ್ತಿರ ಇಟ್ಟುಕೊಂಡು ಮಲಗಿದೆ. ಆಮೇಲೆ ಅದೂ ಬೇಡ ಎನಿಸಿತು. ಅವನು ಮಾಳಮ್ಮನನ್ನು ಬೇರೆ ಊರಿಗೆ ಕೊಡುತ್ತಿದ್ದನೇ?

ನಿನ್ನೆ ಖಂಡೆಪ್ಪನನ್ನು ಕರೆದುಕೊಂಡು ದಿಬ್ಬ ಹತ್ತಿದೆ. ಉಪ್ಪು ಏರದ ಎತ್ತರದಲ್ಲಿ ಇನ್ನೂ ಒಂದು ತುಂಡು ಗೋಡೆ ಉಳಿದಿದೆ. ಅದರಲ್ಲಿ ಒಂದು ಇಟ್ಟಿಗೆಯ ಜಾಗ ಖಾಲಿಯಿತ್ತು. ಇದು ಅಲ್ಲಿಯದೇ ಎಂದು ಹೇಳಲಾರೆ. ಕೂತಿತು. ನಾನು ರುಮಾಲು ತೆಗೆದೆ. ಖಂಡೆಪ್ಪ, "ಯಾರ ಹೆಸರ್ಲೆ ಇಟ್ಟಿ?" ಎಂದ. ಅಪ್ಪನ ಹೆಸರು ಹೇಳಿದೆ.

ಮಾರ್ಚಿನೊಳಗೆ ಹಡಗು ಸಿಗುತ್ತದೆ ಎನ್ನುತ್ತಾರೆ. ಆ ಐದು ಸಾಲು ಬರೆದುಕೊಡಲೇ, ಮತ್ತೆ ಕೆತ್ತಿಸೋಣವೇ ಎಂದು ನೀನು ಕೇಳಬಹುದು. ಬೇಡ. ಖಾಲಿಯೇ ಇರಲಿ, ನಾವು ಕೆಡಿಸಿದ್ದೂ ಕಾಣುತ್ತಿರಬೇಕು. ನಾನು ಬರುವ ತನಕ ಅರಿವೆ ಬದಲಿಸುತ್ತಿರು. ಬಂದ ಮೇಲೆ ನಾನು ಮಾಡುತ್ತೇನೆ.

ನಿನ್ನ ತಮ್ಮ,
ವೈಜನಾಥ